ಎದೆ ಮುಟ್ಟಿಕೊಳ್ಳುವ ಚಾಳಿ

ನನಗೊಂದು ಚಾಳಿ ಇದೆ. ಮನೆಯ ಹೊಸ್ತಿಲು ದಾಟುವಾಗ, ಗಾಡಿ ಸ್ಟಾರ್ಟ್ ಮಾಡುವಾಗ, ಎದುರಿನವರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದಾಗ, ನಾನೇ ಸುಳ್ಳು ಹೇಳುವಾಗಂತೂ ತಪ್ಪದೆ, ನನ್ನ ಬಲಗೈ ತಾನಾಗಿ ಎದೆಗೆ ಹೋಗಿ ಅಂಗಿಯ ಮೇಲಿಂದಲೇ ಕರಡಿಗೆಯನ್ನು ಮುಟ್ಟಿ ಬರುತ್ತದೆ. ಕರಡಿಗೆ ಎಂದರೆ ನಮ್ಮ ಲಿಂಗಾಯತರ ಮನೆಗಳಲ್ಲಿ ಇಷ್ಟಲಿಂಗವನ್ನು ಒಳಗಿಟ್ಟು ದಾರದಿಂದ ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಬೆಳ್ಳಿಯ ಡಬ್ಬಿ. ನನ್ನದು ಗುಂಡಗಿದೆ, ತಿರುಪಿನ ಮುಚ್ಚಳದ್ದು. ನನ್ನ ಅಂಗಿಗಳೆಲ್ಲ ಮೊದಲು ಹರಿಯುವುದು ಅದೇ ಜಾಗದಲ್ಲಿ.

ಈ ಚಾಳಿಯಿಂದ ಆದ ಫಜೀತಿ ಒಂದೆರಡಲ್ಲ. ಒಮ್ಮೆ ಹುಬ್ಬಳ್ಳಿಗೆ ಹೊರಟ ಬಸ್ಸು ಮುಂಡಗೋಡ ಬಿಡುತ್ತಿದ್ದಂತೆ ರೂಢಿಯಂತೆ ಎದೆ ಮುಟ್ಟಿಕೊಂಡೆ. ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು "ಯವ್ವಾ, ಇವರಿಗೆ ಎದಿ ಹಿಡೀತು ನೋಡ್ರೀ!" ಎಂದು ಒದರಿಬಿಟ್ಟಳು. ಕಂಡಕ್ಟರ್ ಸೀಟಿ ಊದಿದ. ಒಬ್ಬರು ನೆತ್ತಿಗೆ ನೀರು ತಟ್ಟಿದರು, ಇನ್ನೊಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಏನೂ ಆಗಿಲ್ಲ ಎಂದು ನಾನು ಹೇಳಿದಷ್ಟೂ ಅವರ ಗಾಬರಿ ಹೆಚ್ಚಿತು. ಕೊನೆಗೆ ಆಸ್ಪತ್ರೆಯಲ್ಲಿ ಮೈತುಂಬ ವೈರು ಹಚ್ಚಿಸಿಕೊಂಡು ಮಲಗಿ ಎದ್ದು ಬಂದೆ. ಅಂದಿನಿಂದ ನನ್ನ ಹೆಂಡತಿ ಗಿರಿಜಾ ನನ್ನ ಕೈ ಮೇಲೆದ್ದರೆ ಸಾಕು, "ಕೈ ಎದಿಗೆ ಹೋತೋ, ಲಿಂಗಕ್ಕ ಹೋತೋ? ಮೊದ್ಲ ಹೇಳಿಬಿಡ್ರಿ" ಎನ್ನುತ್ತಾಳೆ.

ನಿಮಗೆ ಈಗ ನಿಜ ಹೇಳಿಬಿಡುತ್ತೇನೆ. ಅವಳಿಗೆ ಕೊಡುತ್ತಿದ್ದ ಎರಡು ಉತ್ತರಗಳಲ್ಲಿ ಎರಡನೆಯದು ಕೂಡ ಸುಳ್ಳೇ. ಇಪ್ಪತ್ತೆಂಟು ವರ್ಷಗಳಿಂದ ನನ್ನ ಕರಡಿಗೆಯಲ್ಲಿ ಇರುವುದು ಲಿಂಗವಲ್ಲ. ಕಾಳಿ ನದಿಯ ಒಂದು ಕಲ್ಲು.

ಆಗ ನಾನು ದಾಂಡೇಲಿಯ ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಅಂಬೇವಾಡಿಯಲ್ಲಿ ಮೂವರು ಹುಡುಗರು ಸೇರಿ ಒಂದು ಖೋಲಿ ಹಿಡಿದಿದ್ದೆವು. ನಲ್ಲಿ ಎರಡು ದಿನಕ್ಕೊಮ್ಮೆ ಬರುತ್ತಿತ್ತು, ಹೀಗಾಗಿ ಸ್ನಾನಕ್ಕೆ ಹೊಳೆಗೇ ಹೋಗುತ್ತಿದ್ದೆವು. ಒಂದು ಬೆಳಿಗ್ಗೆ ಮೊಣಕಾಲು ನೀರಿನಲ್ಲಿ ನಿಂತು, ಲಿಂಗವನ್ನು ಎಡಗೈಯಲ್ಲಿ ಹಿಡಿದು ನೀರು ಎರೆಯುತ್ತಿದ್ದೆ. ದಂಡೆಯಿಂದ ಜೊತೆಗಾರ "ಏ, ಮಾಲಕ ಬಂದಾನ ಬಾರೋ" ಎಂದು ಕೂಗಿದ. ಹೊರಳಿ ನೋಡಿದೆ, ಅಷ್ಟೇ. ಮತ್ತೆ ಅಂಗೈ ನೋಡಿಕೊಂಡರೆ ಬರೀ ನೀರು.

ಮಧ್ಯಾಹ್ನದವರೆಗೆ ಮುಳುಗಿ ಮುಳುಗಿ ಹುಡುಕಿದೆ. ಕಾಳಿಯ ತಳದಲ್ಲಿ ಕರಿಕಲ್ಲಿಗೇನು ಬರವೇ? ಕೈಗೆ ಸಿಕ್ಕಿದ್ದೆಲ್ಲ ನೀರೊಳಗೆ ಲಿಂಗದಂತೆಯೇ ಅನ್ನಿಸುತ್ತಿತ್ತು, ಮೇಲೆ ತಂದರೆ ಕಲ್ಲಾಗುತ್ತಿತ್ತು. ತುಟಿ ನೀಲಿಗಟ್ಟಿ, ಅಳು ಬಂದು, ಕೊನೆಗೆ ಅದೇ ಗಾತ್ರದ, ಅದೇ ತೂಕದ ಒಂದು ನುಣುಪು ಕಲ್ಲನ್ನು ಆರಿಸಿ ಕರಡಿಗೆಗೆ ಹಾಕಿ ತಿರುಪು ಬಿಗಿದೆ. ತೂಕ ಯಾಕೆಂದರೆ, ನಮ್ಮೂರು ಚಿಗಳ್ಳಿಗೆ ಹೋದಾಗಲೆಲ್ಲ ಅವ್ವ ನನ್ನ ಕೊರಳಿನ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ತೂಗಿ ನೋಡಿ, ಕಣ್ಣಿಗೊತ್ತಿಕೊಂಡು ಬಿಡುತ್ತಿದ್ದಳು.

ನಮ್ಮ ದೊಡ್ಡಪ್ಪನ ಕಥೆಯನ್ನು ಅವ್ವ ನೂರು ಸಲ ಹೇಳಿದ್ದಳು. ಸುಗ್ಗಿಯಲ್ಲಿ ಕಣದ ಮೇಲೆ ಅವನ ದಾರ ಹರಿದು ಕರಡಿಗೆ ಎಲ್ಲೋ ಬಿತ್ತು. ಲಿಂಗ ಇಲ್ಲದ ಮೈಗೆ ಅನ್ನ ನೀರು ಸಲ್ಲದು ಎಂದು ಅವನು ಮೂರು ದಿನ ಗುಟುಕು ನೀರು ಕುಡಿಯಲಿಲ್ಲ. ಓಣಿಯ ಮಂದಿಯೆಲ್ಲ ಸೇರಿ ಹುಲ್ಲಿನ ಬಣವೆಯನ್ನು ಎಳೆ ಎಳೆಯಾಗಿ ಝಾಡಿಸಿದರು. ಕೊನೆಗೆ ಸಿಕ್ಕಿದ್ದು ಎತ್ತಿಗೆ ಮೇವು ಹಾಕುವ ಗ್ವಾದಲಿಯಲ್ಲಿ, ಎತ್ತು ಅದನ್ನು ನೆಕ್ಕಿ ಫಳಫಳ ಮಾಡಿ ಇಟ್ಟಿತ್ತಂತೆ. "ಮಾನಸ್ಥ ಅಂದ್ರ ಅವಾ" ಎಂದು ಅವ್ವ ಕಥೆ ಮುಗಿಸುತ್ತಿದ್ದಳು. ನಾನೋ, ಅವತ್ತು ಹೊಳೆಯಿಂದೆದ್ದು ಸೀದಾ ಖಾನಾವಳಿಗೆ ಹೋಗಿ ನಾಲ್ಕು ರೊಟ್ಟಿ ತಿಂದಿದ್ದೆ. ಹಸಿವಾಗಿತ್ತು ಮಾರಾಯರೇ, ಏನು ಮಾಡಲಿ?

ಹೊಸ ಲಿಂಗ ಕಟ್ಟಿಸಿಕೊಳ್ಳಬಹುದಿತ್ತು. ಆದರೆ ಹೊಸದು ಬೇಕೆಂದರೆ ಹಳೆಯದು ಎಲ್ಲಿ ಎಂದು ಹೇಳಬೇಕು. ಬರುವ ವಾರ ಹೇಳಿದರಾಯಿತು, ಶ್ರಾವಣದಲ್ಲಿ ಹೇಳಿದರಾಯಿತು ಎನ್ನುತ್ತಲೇ ಮದುವೆಯಾಯಿತು, ಮುಂಡಗೋಡದಲ್ಲಿ ಬೀಜ ಗೊಬ್ಬರದ ಅಂಗಡಿಯಾಯಿತು, ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಬಂದಳು. ಲಿಂಗ ಕಳೆದ ಮರುದಿನದಿಂದಲೇ ದಿನಾ ಬೆಳಿಗ್ಗೆ ಗೋಡೆಗೆ ಮುಖ ಮಾಡಿ ಕೂತು ಆ ಕಲ್ಲಿಗೆ ನೀರೆರೆದು ವಿಭೂತಿ ಹಚ್ಚಿದ್ದೇನೆ. ಮೊದಮೊದಲು ಅದು ಬರೀ ನಾಟಕವಾಗಿತ್ತು. ಆದರೆ ಮಗಳು ಅಕ್ಷತಾ ಹುಟ್ಟುವ ದಿನ ಗಿರಿಜಾಳಿಗೆ ಕಠಿಣವಾದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅದನ್ನೇ ಹಿಡಿದುಕೊಂಡು ಅತ್ತಿದ್ದೇನೆ. ಬೇಡಿಕೊಂಡದ್ದು ಯಾರಿಗೆ ಮುಟ್ಟಿತೋ ನನಗೆ ತಿಳಿಯದು. ಮಗಳಂತೂ ಚೆನ್ನಾಗಿದ್ದಾಳೆ, ಕಾಲೇಜಿಗೆ ಹೋಗುತ್ತಾಳೆ.

ಇನ್ನು ಈ ವರ್ಷ ನಾವು ಹೋದ ಪ್ರವಾಸದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಗೋವಾಕ್ಕೆಂದು ಹೊರಟಿದ್ದೆವು. ಅನಮೋಡದ ಚೆಕ್‌ಪೋಸ್ಟಿನ ಹತ್ತಿರ ಅವ್ವನಿಗೆ ವಾಂತಿ ಶುರುವಾಯಿತು. ಇನ್ನು ಘಟ್ಟ ಇಳಿಯಬೇಕು ಎಂದು ಕೇಳಿದ್ದೇ ಅವಳು ಗಾಡಿಯಿಂದ ಇಳಿದು ಕಲ್ಲಿನ ಮೇಲೆ ಕೂತುಬಿಟ್ಟಳು. ಗೋವಾವನ್ನು ಗೇಟಿನಿಂದಲೇ ನೋಡಿ ತಿರುಗಿ ಬಂದ ಕುಟುಂಬ ನಮ್ಮದೊಂದೇ ಇರಬೇಕು. ಹೀಗಾಗಿ ಈ ವರ್ಷ ಗಡಿಯ ತಂಟೆಯೇ ಬೇಡ, ದಾಂಡೇಲಿ ಜೋಯಿಡಾ ಸುತ್ತಾಡಿ ಬರೋಣ ಎಂದಾಯಿತು. ದಾಂಡೇಲಿ ಎಂದೊಡನೆ ನನ್ನ ಕೈ ಎದೆಗೆ ಹೋಯಿತು.

ಗಾಡಿ ಇಮ್ತಿಯಾಜನದು. ಮುಂಡಗೋಡದಲ್ಲಿ ನಮ್ಮ ಅಂಗಡಿಯ ಪಕ್ಕದಲ್ಲೇ ಅವನ ಗ್ಯಾರೇಜು. ಬೇಸರವಾದಾಗ ಬಾಡಿಗೆಗೂ ಬರುತ್ತಾನೆ. ಹಳಿಯಾಳದಲ್ಲಿ ಚಹಾ ಕುಡಿದು ದಾಂಡೇಲಿ ದಾಟಿದೆವು. ಅಕ್ಷತಾಳಿಗೆ ಹೊಳೆಯಲ್ಲಿ ರಬ್ಬರ್ ದೋಣಿ ಹತ್ತುವ ಆಸೆ. ಮಧ್ಯಾಹ್ನದ ಬಿಸಿಲಿನಲ್ಲಿ ಬೇಡವೆಂದು, ಜೋಯಿಡಾ ಕಡೆಯ ರಸ್ತೆಯಲ್ಲಿ ಹಳೆಯ ಕಾಲದ ಬಂಗಲೆಯೊಂದನ್ನು ಮ್ಯೂಸಿಯಂ ಮಾಡಿದ್ದಾರೆ, ಒಳಗೆ ತಂಪಾಗಿರುತ್ತದೆ ಎಂದು ಇಮ್ತಿಯಾಜ ಅಲ್ಲಿಗೆ ಕರೆದೊಯ್ದ.

ಯಾರೋ ಕಟ್ಟಿಗೆಯ ಕಂತ್ರಾಟುದಾರ ಕಟ್ಟಿಸಿದ ಮನೆ. ನೆಲ ಬಿಟ್ಟು ಉಳಿದದ್ದೆಲ್ಲ ಸಾಗವಾನಿ. ಹೊಸ್ತಿಲು ಎಷ್ಟು ದೊಡ್ಡದೆಂದರೆ ಅವ್ವ ಅದನ್ನು ಮುಟ್ಟಿ ನಮಸ್ಕಾರ ಮಾಡಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ನಡೆದಳು. ಅವಳನ್ನು ನೋಡಿ ನಾವೂ ಬಿಟ್ಟೆವು. ನಮ್ಮ ಹಿಂದೆ ಬಂದ ಪುಣೆಯ ಕಡೆಯ ನಾಲ್ಕಾರು ಜನ ನಮ್ಮನ್ನು ನೋಡಿ ಬೂಟು ಬಿಚ್ಚಿದರು, ಅವರಲ್ಲೊಬ್ಬ ಕಾಲುಚೀಲವನ್ನೂ ಕಳಚಿದ. ಒಳಗೆ ಏಣಿ ಹಾಕಿ ಹತ್ತುವಂಥ ಮಂಚ, ನಡುವೆ ತೂತಿದ್ದ ಒಂದು ಕುರ್ಚಿ. ಅದು ಯಾವುದಕ್ಕೆಂದು ಅಕ್ಷತಾ ಓದಿ ಹೇಳಿದಾಗ ಅವ್ವ "ಎಷ್ಟ ದೊಡ್ಡ ಮಂದಿ ಆದ್ರೂ ಅಡವಿ ಇದ್ದೂ ಮನ್ಯಾಗ ಕುಂದ್ರತಿದ್ರಾ?" ಎಂದು ಮೂಗು ಮುಚ್ಚಿಕೊಂಡಳು. ಹೋದ ವರ್ಷ ಪೊರೆ ತೆಗೆಸಿದ ಮೇಲೆ ಅವಳ ಕಣ್ಣು ನಮ್ಮೆಲ್ಲರಿಗಿಂತ ಚುರುಕು. ಯಾವುದನ್ನೂ ಬಿಡದೆ ನೋಡುತ್ತಿದ್ದಳು.

ಮೂರನೆಯ ಕೋಣೆಯಲ್ಲಿ ಒಂದು ಗಾಜಿನ ಕಪಾಟು. ಒಳಗೆ ಗಡ್ಡ ಬೋಳಿಸುವ ಸಾಮಾನು, ನಶ್ಯದ ಡಬ್ಬಿ, ಅಂಗಿಯ ಗುಂಡಿಗಳು. ಅವುಗಳ ನಡುವೆ, ಕಪ್ಪಗಾದ ಬೆಳ್ಳಿಯ ಒಂದು ಕರಡಿಗೆ. ಗುಂಡಗೆ, ತಿರುಪಿನ ಮುಚ್ಚಳದ್ದು, ನನ್ನದರ ಅಣ್ಣನಂತಿತ್ತು. ಮೊದಲು ನೋಡಿದವನು ನಾನೇ. ಅವ್ವನ ಕಣ್ಣಿಗೆ ಬೀಳದಿರಲಿ ಎಂದು ಅಡ್ಡ ನಿಂತುಕೊಂಡೆ.

"ಸರಿಯೋ ಈರಣ್ಣ, ನಿನ್ನೇನ್ ಗಾಜಿನಿಂದ ಮಾಡ್ಯಾರೇನು?" ಎಂದು ಅವ್ವ ನನ್ನನ್ನು ಬದಿಗೆ ನೂಕಿದಳು.

ನೋಡಿದವಳೇ ಕೈಮುಗಿದಳು. ಹಿಂದಿದ್ದ ಪುಣೆಯವರೂ ಕೈಮುಗಿದರು. ಬಂಗಲೆ ನೋಡಿಕೊಳ್ಳುವ ಸುಮನಬಾಯಿ ಎಂಬಾಕೆ ಓಡಿಬಂದಳು. ಜೋಯಿಡಾದ ಕಡೆಯವಳು, ಅವಳ ಕನ್ನಡದಲ್ಲಿ ಅರ್ಧ ಮರಾಠಿ. "ಅಹೋ, ದೇವ್ ನಾಹೀ ತೆ! ದೇವ್ರಲ್ಲರೀ, ಅತ್ತರದ ಡಬ್ಬಿ!" ಅಕ್ಷತಾ ಚೀಟಿ ಓದಿದಳು. ಹೌದು, ಅತ್ತರಿನ ಡಬ್ಬಿ ಎಂದೇ ಬರೆದಿತ್ತು.

"ಅತ್ತರಾ? ಇದು ಕರಡಗಿ ತಂಗಿ, ಲಿಂಗದ್ದು" ಅವ್ವ ಹೇಳಿದಳು. "ಒಳಗ ಲಿಂಗ ಐತೇನು, ಅದನ್ನ ಹೇಳು ಮೊದ್ಲ."

"ಮಾಲೂಮ್ ನಾಹೀ ಆಜಿ. ಯಾರೂ ತೆಗ್ದು ನೋಡಿಲ್ಲ."

ಅವ್ವನ ಮುಖ ಸಣ್ಣದಾಯಿತು. ನಮ್ಮಲ್ಲಿ ಮನುಷ್ಯ ತೀರಿಕೊಂಡರೆ ಲಿಂಗವನ್ನು ಅವನ ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಬೆಳ್ಳಿಯ ಕರಡಿಗೆ ಮನೆಯಲ್ಲಿ ಉಳಿಯಬಹುದು, ಲಿಂಗ ಉಳಿಯಬಾರದು. "ಒಳಗ ಇದ್ರ, ಆ ಮನಿಷ್ಯಾ ಬರೇಗೈಲೆ ಮಣ್ಣಾಗ ಹೋಗ್ಯಾನವಾ" ಎಂದಳು. "ತಗದು ತೋರ್ಸು. ತೋರ್ಸೂ ತನಕಾ ನಾ ಇಲ್ಲಿಂದ ಏಳಾಕಿ ಅಲ್ಲ." ಹೇಳಿ ಕಪಾಟಿನ ಮುಂದೆ ಕೂತೇಬಿಟ್ಟಳು, ಅನಮೋಡದಲ್ಲಿ ಕೂತ ಹಾಗೆಯೇ.

ಸುಮನಬಾಯಿ ಸೊಂಟದ ಬೀಗದ ಕೈ ಹಿಡಿದುಕೊಂಡು "ಮಾಲಕರು ಬಯ್ತಾರ" ಎಂದಳು. ಅತ್ತರಿನ ಡಬ್ಬಿಯನ್ನು ಈ ಮುದುಕಿ ಯಾಕೆ ಹೀಗೆ ಹಟ ಹಿಡಿದು ಕೇಳುತ್ತಿದ್ದಾಳೆ ಎಂದು ಅವಳಿಗೆ ಗೊಂದಲ. ಅದನ್ನು ಪರಿಹರಿಸಲು ಅವ್ವ ನನ್ನ ಕಡೆ ತಿರುಗಿದಳು.

"ಈರಣ್ಣ, ನಿಂದು ಬಿಚ್ಚಿ ತೋರ್ಸಪಾ ಈಕಿಗೆ. ಒಳಗ ಹೆಂಗಿರತೈತಿ ನೋಡ್ಲಿ."

ನನ್ನ ಕೈ ಎದೆಗೆ ಹೋಯಿತು. ಈ ಸಲ ಅಲ್ಲೇ ನಿಂತುಬಿಟ್ಟಿತು. ಗಿರಿಜಾ ಎಂದಿನಂತೆ "ಎದಿಗೋ, ಲಿಂಗಕ್ಕೋ?" ಎಂದಳು. ನನಗೆ ಬೇರೆ ದಾರಿ ಹೊಳೆಯಲಿಲ್ಲ. "ಎದಿ... ಎದಿ ಹಿಡದಂಗ ಆಗೇತಿ" ಎಂದೆ.

ಆಮೇಲಿನದು ನನ್ನ ಕೈಯಲ್ಲಿರಲಿಲ್ಲ. ಗಿರಿಜಾ ಚೀರಿದಳು. ಸುಮನಬಾಯಿ ಅಡ್ಡ ಕಟ್ಟಿದ್ದ ಹಗ್ಗ ಬಿಚ್ಚಿ ಕಂತ್ರಾಟುದಾರನ ಆರಾಮ ಕುರ್ಚಿಯ ಮೇಲೆ ನನ್ನನ್ನು ಕೂರಿಸಿದಳು. 'ಕುಳಿತುಕೊಳ್ಳಬಾರದು' ಎಂಬ ಫಲಕ ನನ್ನ ತೊಡೆಯ ಮೇಲೇ ಬಿತ್ತು. ಅಕ್ಷತಾ ಇಮ್ತಿಯಾಜನನ್ನು ಕರೆಯಲು ಹೊರಗೆ ಓಡಿದಳು. ಇಷ್ಟರಲ್ಲಿ ಕಣ್ಣು ಮುಚ್ಚಿ ಮಲಗಿದರೆ ಕರಡಿಗೆಯ ಮಾತು ಮರೆತುಹೋದೀತೆಂದು ನಾನು ಕಣ್ಣು ಮುಚ್ಚಿದೆ. ಎಂಥ ಕತ್ತೆ ನಾನು! ಲಿಂಗಾಯತರ ಮನೆಯಲ್ಲಿ ಹುಟ್ಟಿ, ನಮ್ಮವರು ಮೊದಲು ಏನು ಮಾಡುತ್ತಾರೆ ಎನ್ನುವುದೇ ತಲೆಗೆ ಬರಲಿಲ್ಲ. ಕಣ್ಣು ಮುಚ್ಚಿದ ಮಗನನ್ನು ಕಂಡು ಅವ್ವ ತಟ್ಟನೆ ಎದ್ದು ಬಂದಳು.

"ಲಿಂಗ ಕೈಯಾಗ ಕೊಡ್ರಿ! ಮೊದ್ಲ ಲಿಂಗ ಅವನ ಕೈಯಾಗ ಕೊಡ್ರೀ!"

ಎಪ್ಪತ್ತೆಂಟು ವರ್ಷದ ಬೆರಳುಗಳು ನನ್ನ ಅಂಗಿಯ ಗುಂಡಿ ಕಿತ್ತು, ಕರಡಿಗೆಯನ್ನು ಎಳೆದು, ಇಪ್ಪತ್ತೆಂಟು ವರ್ಷ ನನ್ನನ್ನು ಬಿಟ್ಟು ಬೇರೆ ಯಾರೂ ಬಿಚ್ಚದ ತಿರುಪನ್ನು ಎರಡೇ ಸುತ್ತಿಗೆ ತೆಗೆದವು. ನನ್ನ ಅಂಗೈಯೊಳಗೆ ತಣ್ಣಗೆ ಕಲ್ಲು ಬಿತ್ತು. ನಾನು ಕಣ್ಣು ತೆರೆದೆ. ಅವ್ವ ಅಂಗೈಯನ್ನೇ ನೋಡುತ್ತಿದ್ದಳು.

"ಈರ್ಯಾ, ಇದೇನಲೇ?"

ಸಿಟ್ಟು ಬಂದಾಗ ಮಾತ್ರ ನಾನು ಈರ್ಯಾ. ಎದ್ದು ಕೂತೆ. ನನಗೇನೂ ಆಗಿಲ್ಲ ಎಂದೆ. ಆಮೇಲೆ ಎಲ್ಲ ಹೇಳಿದೆ, ಹೊಳೆ, ಜೊತೆಗಾರನ ಕೂಗು, ತೂಕ ನೋಡಿ ಆರಿಸಿದ ಕಲ್ಲು. ರೊಟ್ಟಿಯ ವಿಷಯವನ್ನೂ ಯಾಕೋ ಹೇಳಿಬಿಟ್ಟೆ. ಗಿರಿಜಾ ತಲೆಯ ಮೇಲೆ ಕೈ ಹೊತ್ತು ನೆಲಕ್ಕೆ ಕೂತಳು. ಅವ್ವ ಬಯ್ದಿದ್ದರೆ ಹಗುರವಾಗುತ್ತಿತ್ತು.

ಸುಮನಬಾಯಿಗೆ ಏನು ಅರ್ಥವಾಯಿತೋ, ಸುಮ್ಮನೆ ಹೋಗಿ ಕಪಾಟಿನ ಬೀಗ ತೆಗೆದು ಆ ಕರಡಿಗೆಯನ್ನು ತಂದು ಅವ್ವನ ಕೈಯಲ್ಲಿಟ್ಟಳು. "ನೋಡ್ರಿ ಆಜಿ" ಎಂದಳು. ಅದರ ತಿರುಪು ಗಟ್ಟಿಯಾಗಿತ್ತು. ಇಮ್ತಿಯಾಜ ಓಡಿಬಂದವನು ಏದುಸಿರಿನಲ್ಲೇ ಅದನ್ನು ಮೆಲ್ಲಗೆ ಬಿಡಿಸಿಕೊಟ್ಟ. ಒಳಗೆ ಕಂದಿದ ರೇಷ್ಮೆಯ ಚೂರು, ಅದರಲ್ಲಿ ಲಿಂಗ ಕೂತಿದ್ದ ಗುಳಿ. ಗುಳಿ ಖಾಲಿ.

ಅವ್ವ ಬಹಳ ಹೊತ್ತು ಆ ಗುಳಿಯನ್ನು ನೋಡಿದಳು. "ಯಾರೋ ಪುಣ್ಯಾತ್ಮ, ತನ್ನ ಲಿಂಗಾ ತಾ ತಗೊಂಡು ಹೋಗ್ಯಾನ" ಎಂದಳು. ನಂತರ ನನ್ನ ಕಡೆ ತಿರುಗಿದಳು. "ನೀ ಏನ್ ತಗೊಂಡು ಹೋಗಾಂವಲೇ?"

ನಾನು ಕಲ್ಲನ್ನು ಕರಡಿಗೆಯೊಳಗೆ ಹಾಕಿ ತಿರುಪು ಬಿಗಿದೆ.

ಹೊರಡುವಾಗ ಸುಮನಬಾಯಿ ಚೀಟಿಯಲ್ಲಿ ಏನು ಬರೆಯಲಿ ಎಂದು ಕೇಳಿದಳು. ಕರಡಿಗೆ ಅಂತ ಬರಿ ಎಂದಳು ಅವ್ವ. ಯಾರದೆಂದು ಬರೆಯಲಿ ಎಂದರೆ, "ತಿಳೀದು ಅಂತ ಬರಿ" ಎಂದಳು.

ತಿರುಗಿ ಬರುವಾಗ ಗಾಡಿ ನಡೆಸುತ್ತಲೇ ಇಮ್ತಿಯಾಜ ತನ್ನ ಕೊರಳಿನ ತಾಯಿತವನ್ನು ಹೊರಗೆ ತೆಗೆದು, "ಅಮ್ಮಾ, ಇದು ನಮ್ಮ ಅಬ್ಬಾ ಕಟ್ಟಿದ್ದು. ಒಳಗ ಏನೈತಿ, ನನಗೂ ಗೊತ್ತಿಲ್ಲ. ಬಿಚ್ಚಿ ನೋಡಬಾರ್ದಂತ ಹೇಳ್ಯಾರ, ನೋಡಿಲ್ಲ" ಎಂದ.

"ನಿಮ್ಮಪ್ಪ ಕಟ್ಟಿದ್ದರಾಗ ನೀ ಬ್ಯಾರೇ ಏನೂ ಹಾಕಿಲ್ಲಲ್ಲೋ" ಎಂದಳು ಅವ್ವ. ಅವನು ತಾಯಿತವನ್ನು ಒಳಗೆ ಹಾಕಿಕೊಂಡು ಗೇರ್ ಬದಲಿಸಿದ.

ದಾಂಡೇಲಿ ಬರುತ್ತಿದ್ದಂತೆ ಅವ್ವ ಗಾಡಿ ನಿಲ್ಲಿಸಲು ಹೇಳಿದಳು. "ಎಲ್ಲಿ, ಆ ಜಾಗಾ ತೋರ್ಸು" ಎಂದಳು. ಇಳಿದು ಹೊಳೆಗೆ ಕರೆದುಕೊಂಡು ಹೋದೆ. ಆದರೆ ನನಗೆ ಜಾಗವೇ ಗುರುತು ಸಿಗಲಿಲ್ಲ. ನಾವು ಬಟ್ಟೆ ಒಗೆಯುತ್ತಿದ್ದ ಬಂಡೆ ಇದೋ ಅದೋ, ಆಗ ನೀರು ಇಷ್ಟೇ ಇತ್ತೋ. ಹೆಲ್ಮೆಟ್ ಹಾಕಿಕೊಂಡ ಜನ ಕೇಕೆ ಹಾಕುತ್ತ ದೋಣಿಗಳಲ್ಲಿ ತೇಲಿ ಹೋದರು. ಇಲ್ಲಿ ಇರಬಹುದು ಎಂದೆ. ಅವ್ವ ಸೀರೆಯ ನಿರಿಗೆ ಎತ್ತಿಕೊಂಡು ನೀರಿಗೆ ಇಳಿದಳು. ಕಲ್ಲನ್ನು ಹೊಳೆಗೇ ಬಿಡು ಎನ್ನುತ್ತಾಳೆ ಎಂದುಕೊಂಡು ಕರಡಿಗೆಯ ಮೇಲೆ ಕೈಯಿಟ್ಟು ನಿಂತೆ. ಬಿಡಲು ನನಗೆ ಮನಸ್ಸಿರಲಿಲ್ಲ. ಅದು ನನಗೇ ಆಶ್ಚರ್ಯ.

ಅವ್ವ ಬಗ್ಗಿ ತಳದಿಂದ ಒಂದು ಕರಿಕಲ್ಲು ಎತ್ತಿದಳು, ಹೊರಳಿಸಿ ನೋಡಿದಳು, ಬಿಟ್ಟಳು. ಮತ್ತೊಂದು ಎತ್ತಿದಳು. ಹತ್ತು ಹದಿನೈದು ಕಲ್ಲು ನೋಡಿರಬೇಕು. ಆಗ ನನಗೆ ಹೊಳೆಯಿತು, ಮುದುಕಿ ನನ್ನ ಲಿಂಗವನ್ನು ಹುಡುಕುತ್ತಿದ್ದಾಳೆ. ಇಪ್ಪತ್ತೆಂಟು ಮಳೆಗಾಲ ಹರಿದುಹೋದ ಹೊಳೆಯಲ್ಲಿ.

"ಅವ್ವಾ, ಸಾಕು ಬಾ."

"ಎಲ್ಲಾ ಒಂದ ಥರಾನ ಅದಾವಲ್ಲೋ" ಎಂದಳು. ಆಮೇಲೆ, "ದಿನಾ ನೀರು ಹಾಕೀಯೇನು ಅದಕ್ಕ?"

"ಹಾಕೇನಿ."

"ತಪ್ಪಿಸಿಲ್ಲ?"

"ಜ್ವರ ಬಂದಾಗೊಮ್ಮೆ ಎರಡ ದಿನಾ ತಪ್ಪೈತಿ."

ಅವಳು ನನ್ನ ಕೊರಳಿನಿಂದ ಕರಡಿಗೆ ತೆಗೆದು ಬಿಚ್ಚಿ, ಕಲ್ಲನ್ನು ನೀರಿನಲ್ಲಿ ಅದ್ದಿದಳು. ಅದನ್ನೇ ನೋಡುತ್ತ ನಿಂತಳು. ಯಾವ ಹಬ್ಬಕ್ಕೆ ಏನು ಮಾಡಬೇಕು, ಯಾರ ಮನೆಯಲ್ಲಿ ಉಣ್ಣಬೇಕು, ಯಾವ ಮಳೆಗೆ ಏನು ಬಿತ್ತಬೇಕು, ಎಲ್ಲದಕ್ಕೂ ಅವ್ವನ ಹತ್ತಿರ ಉತ್ತರವಿತ್ತು. ಅವತ್ತು ಮೊಣಕಾಲು ನೀರಿನಲ್ಲಿ ನಿಂತು, ನನ್ನ ಜನ್ಮದಲ್ಲಿ ಮೊದಲ ಸಲ, "ನನಗೂ ತಿಳೀವಲ್ದಪಾ" ಎಂದಳು.

ಕಲ್ಲನ್ನು ಕರಡಿಗೆಗೆ ಹಾಕಿ, ತಿರುಪು ಬಿಗಿದು, ಕೊರಳಿಗೆ ತಾನೇ ಹಾಕಿದಳು. "ಅಯ್ಯಾರು ಬಂದಾಗ ಕೇಳೂಣು. ಅಲ್ಲೀತನಕಾ ಇರ್ಲಿ."

ಅಯ್ಯನವರು, ಅಂದರೆ ನಾನು ಹುಟ್ಟಿದಾಗ ನನಗೆ ಲಿಂಗ ಕಟ್ಟಿದ ಜಂಗಮರ ಮಗ, ಪ್ರತಿ ಸೋಮವಾರ ನಮ್ಮ ಮನೆಗೆ ಬರುತ್ತಾರೆ. ಆ ಪ್ರವಾಸ ಮುಗಿದು ಎಂಟು ತಿಂಗಳಾಯಿತು. ಎಷ್ಟು ಸೋಮವಾರಗಳೋ ನೀವೇ ಲೆಕ್ಕ ಹಾಕಿ. ಅವ್ವ ಅವರ ಪಾದಕ್ಕೆ ನೀರು ಕೊಡುತ್ತಾಳೆ, ಹಾಲು ಕೊಡುತ್ತಾಳೆ, ಸೊಸೆ ಮೊಮ್ಮಗಳ ಸುದ್ದಿ ಹೇಳುತ್ತಾಳೆ. ಬಾಗಿಲ ಬಳಿ ನಿಂತ ನನ್ನನ್ನು ಒಮ್ಮೆ ನೋಡುತ್ತಾಳೆ.

ಮೊನ್ನೆ ಮಾತ್ರ ಗಟ್ಟಿ ಮನಸ್ಸು ಮಾಡಿದಂತೆ ಕಂಡಿತು. ಅಯ್ಯನವರು ಏಳುವ ಹೊತ್ತಿಗೆ ಸೆರಗು ಸರಿಮಾಡಿಕೊಂಡು, "ಅಯ್ಯಾರ, ನಮ್ಮ ಈರಣ್ಣಂದು ಒಂದ ಮಾತ ಕೇಳೂದಿತ್ರಿ" ಎಂದಳು.

ನನ್ನ ಕೈ ಎದೆಗೆ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಗಿರಿಜಾ ನಿಂತಿದ್ದಳು. ಈ ಸಲ ಅವಳೂ ಏನೂ ಕೇಳಲಿಲ್ಲ. ಅವ್ವ ನನ್ನ ಕೈಯನ್ನು ನೋಡಿದಳು. ಅದು ಎಲ್ಲಿದೆ, ಏನನ್ನು ಹಿಡಿದುಕೊಂಡಿದೆ ಎಂದು ಬಹಳ ಹೊತ್ತು ನೋಡಿದಳು.

"ಏನವಾ, ಕೇಳು" ಎಂದರು ಅಯ್ಯನವರು.

"ಏನಿಲ್ರಿ" ಎಂದಳು ಅವ್ವ. "ಅವನ ಲಿಂಗದ ದಾರ ಹಳೇದಾಗೇತ್ರಿ. ಬರೂ ಸೋಮಾರ ಒಂದ ಹೊಸಾದು ತಂದುಕೊಡ್ರಿ."